ಬ್ರಿಟನ್ನಿನ ಚುನಾವಣಾ ಹೇಳಿಕೆಗಳನ್ನು ತಾಳೆ ನೋಡುವ ಬಗೆ

2024ರ ಜೂನ್ 4ರ ರಾತ್ರಿ ಐಟಿವಿ ವಾಹಿನಿಯ ನೇರ ಚರ್ಚೆಯಲ್ಲಿ ಆಗಿನ ಪ್ರಧಾನಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್ ಅವರು, ಲೇಬರ್ ಪಕ್ಷ ಅಧಿಕಾರಕ್ಕೆ ಬಂದರೆ ದುಡಿಯುವ ಪ್ರತಿ ಕುಟುಂಬದ ಮೇಲೆ 2,000 ಪೌಂಡ್ ಹೆಚ್ಚುವರಿ ತೆರಿಗೆ ಬೀಳುತ್ತದೆ ಎಂದು ಮತ್ತೆ ಮತ್ತೆ ಹೇಳಿದರು. ಎದುರಿಗಿದ್ದ ಲೇಬರ್ ನಾಯಕ ಕೀರ್ ಸ್ಟಾರ್ಮರ್ ಅವರು ಅದನ್ನು ಸ್ಪಷ್ಟವಾಗಿ ಅಲ್ಲಗಳೆಯುವಷ್ಟರಲ್ಲಿ ಚರ್ಚೆ ಸಾಕಷ್ಟು ಮುಂದೆ ಹೋಗಿತ್ತು. ಮರುದಿನ ಪತ್ರಿಕೆ, ರೇಡಿಯೊ, ಟಿ.ವಿ. ಎಲ್ಲವೂ ಆ ಒಂದು ಸಂಖ್ಯೆಯ ಸುತ್ತಲೇ ಸುತ್ತಿದವು. ಜುಲೈ 4ರಂದು ಮತದಾನ ಮುಗಿದು, ಲೇಬರ್ ಗೆದ್ದು ಸರ್ಕಾರ ಬದಲಾಗಿ ಕಾಲವಾಯಿತಾದರೂ, ಹೇಳಿಕೆಗಳನ್ನು ಪರೀಕ್ಷಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ, ಏಕೆಂದರೆ ಬ್ರಿಟಿಷ್ ಚುನಾವಣೆಯಲ್ಲಿ ಅಂಕಿಗಳು ದಾರಿ ತಪ್ಪಿಸುವ ಬಗೆಗಳಲ್ಲಿ ಹಲವು ಇದೊಂದರಲ್ಲೇ ಅಡಗಿವೆ.

ಈ ಲೇಖನ ಮುಖ್ಯವಾಗಿ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ. ಅಲ್ಲಿ ವಾಸಿಸಲು ಅನುಮತಿ ಪಡೆದಿರುವ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಬ್ರಿಟಿಷ್ ಪೌರತ್ವವಿಲ್ಲದೆಯೂ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು ಎಂಬುದು ಓದಲು ಹೋದ ವಿದ್ಯಾರ್ಥಿಗಳಿಗೂ ಕೆಲಸಕ್ಕೆ ಹೋದ ದಾದಿಯರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಇತ್ತ ಊರಿನಲ್ಲೇ ಕುಳಿತು, ನಾರಾಯಣಮೂರ್ತಿಯವರ ಅಳಿಯ ಎಂಬ ಅಭಿಮಾನದಿಂದ ಆ ಚುನಾವಣೆಯನ್ನು ನೋಡಿದವರಿಗೂ, ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡಿದವರಿಗೂ ಇದು ಉಪಯೋಗಕ್ಕೆ ಬಂದೀತು. ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್ ಒಳಗೆ ನಡೆಯಲೇಬೇಕಾದ್ದರಿಂದ ಅಭ್ಯಾಸಕ್ಕೆ ಸಮಯವಿದೆ.

ಮೊದಲು ಹೇಳಿಕೆಯನ್ನು ಇದ್ದಂತೆ ಬರೆದುಕೊಳ್ಳಿ

ಯಾರು, ಯಾವ ದಿನ, ಎಲ್ಲಿ, ಯಾವ ಮಾತುಗಳಲ್ಲಿ ಹೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳದೆ ಪರಿಶೀಲನೆಗೆ ಇಳಿಯಬೇಡಿ. ಪತ್ರಿಕೆಯ ಶೀರ್ಷಿಕೆ ಸಾಲದು, ಗುಂಪಿನಲ್ಲಿ ಬಂದ ಸಾರಾಂಶವಂತೂ ಸಾಲದೇ ಸಾಲದು. ಸಂಸತ್ತಿನಲ್ಲಿ ಆಡಿದ ಮಾತಾದರೆ ಹ್ಯಾನ್ಸಾರ್ಡ್ ಎಂಬ ಅಧಿಕೃತ ನಡಾವಳಿಯಲ್ಲಿ ದಿನಾಂಕದ ಸಮೇತ ಸಿಗುತ್ತದೆ. ಅದನ್ನೇ ಸುಲಭವಾಗಿ ಹುಡುಕಿಕೊಡುವ ದೇ ವರ್ಕ್ ಫಾರ್ ಯೂ ಎಂಬ ಜಾಲತಾಣದಲ್ಲಿ ಸಂಸದರ ಹೆಸರು ಹಾಕಿದರೆ ಅವರ ಭಾಷಣಗಳೂ ಮತ ಹಾಕಿದ ವಿವರಗಳೂ ತೆರೆದುಕೊಳ್ಳುತ್ತವೆ. ಟಿ.ವಿ. ಸಂದರ್ಶನವಾದರೆ ವಾಹಿನಿಯದೇ ಪೂರ್ಣ ದೃಶ್ಯವನ್ನು ನೋಡಿ. ಪ್ರಣಾಳಿಕೆಯ ಮಾತಾದರೆ ಪ್ರಣಾಳಿಕೆಯ ಪುಟವನ್ನೇ ತೆರೆಯಿರಿ.

ಅಕ್ಷರಶಃ ಬರೆದುಕೊಳ್ಳುವುದರಿಂದ ಏನು ಲಾಭ ಎಂಬುದಕ್ಕೆ ಲೇಬರ್ ಪಕ್ಷದ 2024ರ ಪ್ರಣಾಳಿಕೆಯೇ ಸಾಕ್ಷಿ. ದುಡಿಯುವ ಜನರ ಮೇಲೆ ತೆರಿಗೆ ಏರಿಸುವುದಿಲ್ಲ, ಆದ್ದರಿಂದ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ನೌಕರರೂ ಉದ್ಯೋಗದಾತರೂ ಕಟ್ಟುವ ವಂತಿಗೆ), ಆದಾಯ ತೆರಿಗೆಯ ದರಗಳು ಮತ್ತು ವ್ಯಾಟ್ ಇವನ್ನು ಏರಿಸುವುದಿಲ್ಲ ಎಂದು ಅದು ಹೇಳಿತ್ತು. ಅದೇ ವರ್ಷದ ಅಕ್ಟೋಬರ್ ಬಜೆಟ್ಟಿನಲ್ಲಿ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ದರವನ್ನು ಶೇ. 13.8ರಿಂದ ಶೇ. 15ಕ್ಕೆ ಏರಿಸಿದಾಗ, ಮಾತು ಮುರಿದರು ಎಂದು ವಿರೋಧಿಗಳೂ, ನಾವು ಹೇಳಿದ್ದು ನೌಕರರು ಕಟ್ಟುವ ಪಾಲಿನ ಬಗ್ಗೆ ಎಂದು ಸರ್ಕಾರವೂ ವಾದಿಸಿದವು. ಪ್ರಣಾಳಿಕೆಯ ವಾಕ್ಯದಲ್ಲಿ ಉದ್ಯೋಗದಾತ, ನೌಕರ ಎಂಬ ಭೇದವೇ ಇರಲಿಲ್ಲ. ಆ ವಾಕ್ಯವನ್ನು ಮುಂದಿಟ್ಟುಕೊಂಡು ಓದಿದವರಿಗೆ ಜಗಳ ಎಲ್ಲಿ ಹುಟ್ಟಿತೆಂಬುದು ತಿಳಿಯುತ್ತದೆ, ಉಳಿದವರಿಗೆ ಎರಡೂ ಕಡೆಯ ಕೂಗು ಮಾತ್ರ ಕೇಳಿಸುತ್ತದೆ.

ಬರೆದುಕೊಂಡ ಮೇಲೆ ಅದರಲ್ಲಿ ಪರೀಕ್ಷಿಸಬಹುದಾದ ಭಾಗ ಯಾವುದೆಂದು ಗೆರೆ ಎಳೆಯಿರಿ. ದೇಶ ಹಾಳಾಗಿದೆ ಎಂಬುದು ಅಭಿಪ್ರಾಯ, ಅದನ್ನು ತಾಳೆ ನೋಡಲು ಹೊರಡುವುದು ವ್ಯರ್ಥ. ಮುಂದೆ ಹೀಗಾಗುತ್ತದೆ ಎಂಬುದು ಊಹೆ, ಅದರ ಹಿಂದಿನ ಲೆಕ್ಕವನ್ನಷ್ಟೇ ಪರೀಕ್ಷಿಸಬಹುದು. ಈಗಾಗಲೇ ಆದದ್ದರ ಬಗ್ಗೆ ಅಂಕಿ ಹೇಳಿದ್ದರೆ ಮಾತ್ರ ಸರಿ ಅಥವಾ ತಪ್ಪು ಎಂಬ ತೀರ್ಪಿಗೆ ಅವಕಾಶವಿದೆ.

ಲೆಕ್ಕ ಹಾಕಿದವರು ಯಾರು, ಭಾಗಿಸಿದ್ದು ಯಾವುದರಿಂದ?

ಈಗ 2,000 ಪೌಂಡಿನ ಹೇಳಿಕೆಗೆ ಬರೋಣ. ಅದರ ಮೂಲ ಕನ್ಸರ್ವೇಟಿವ್ ಪಕ್ಷ ಮೇ ತಿಂಗಳಲ್ಲಿ ಹೊರತಂದಿದ್ದ ಒಂದು ದಾಖಲೆ. ಲೇಬರ್ ಪಕ್ಷದ ಭರವಸೆಗಳೆಂದು ತಾನೇ ಪಟ್ಟಿ ಮಾಡಿಕೊಂಡ ಬಾಬತ್ತುಗಳಿಗೆಲ್ಲ ಬೆಲೆ ಕಟ್ಟಿ, ಲೇಬರ್ ತೋರಿಸಿದ ಆದಾಯವನ್ನು ಅದರಿಂದ ಕಳೆದು, ನಾಲ್ಕು ವರ್ಷಗಳಲ್ಲಿ 3,850 ಕೋಟಿ ಪೌಂಡ್ ಕೊರತೆ ಬೀಳುತ್ತದೆ ಎಂದು ಆ ದಾಖಲೆ ಹೇಳಿತ್ತು. ಈ ಮೊತ್ತವನ್ನು ದುಡಿಯುವ ಸದಸ್ಯರಿರುವ ಸುಮಾರು 1.84 ಕೋಟಿ ಕುಟುಂಬಗಳಿಂದ ಭಾಗಿಸಿದರೆ ಎರಡು ಸಾವಿರಕ್ಕಿಂತ ತುಸು ಹೆಚ್ಚು ಬರುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ, ತೊಡಕು ಇರುವುದೆಲ್ಲ ಭಾಗಾಕಾರಕ್ಕೆ ಮೊದಲು ಮತ್ತು ಅನಂತರ.

ಮೊದಲನೆಯದಾಗಿ, ಆ 2,000 ನಾಲ್ಕು ವರ್ಷಗಳ ಒಟ್ಟು ಮೊತ್ತ, ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 500. ಟಿ.ವಿ. ನೋಡುತ್ತಾ ಕುಳಿತವರು ತೆರಿಗೆ ಎಂದಾಗ ವರ್ಷದ ಲೆಕ್ಕವನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಅಂಕಿಅಂಶಗಳ ಬಳಕೆಯ ಮೇಲೆ ಕಣ್ಣಿಡುವ ಆಫೀಸ್ ಫಾರ್ ಸ್ಟಾಟಿಸ್ಟಿಕ್ಸ್ ರೆಗ್ಯುಲೇಶನ್ ಎಂಬ ಸ್ವತಂತ್ರ ಸಂಸ್ಥೆಯು ಜೂನ್ 6ರಂದು ಇದನ್ನೇ ಎತ್ತಿ ತೋರಿಸಿತು: ಪೂರ್ಣ ದಾಖಲೆಯನ್ನು ಓದದೆ ಈ ಮಾತನ್ನಷ್ಟೇ ಕೇಳಿದವರಿಗೆ ಇದು ನಾಲ್ಕು ವರ್ಷಗಳ ಮೊತ್ತವೆಂದು ತಿಳಿಯುವ ದಾರಿಯೇ ಇರಲಿಲ್ಲ. ಎರಡನೆಯದಾಗಿ, ಖಜಾನೆಯ ಸ್ವತಂತ್ರ ಅಧಿಕಾರಿಗಳೇ ಇದನ್ನು ಲೆಕ್ಕ ಹಾಕಿದ್ದಾರೆ ಎಂಬಂತೆ ಸುನಕ್ ಮಾತಾಡಿದರು. ಕೆಲವು ಬಾಬತ್ತುಗಳಿಗೆ ಅಧಿಕಾರಿಗಳು ಬೆಲೆ ಕಟ್ಟಿದ್ದು ನಿಜ, ಆದರೆ ಯಾವ ಊಹೆಯ ಮೇಲೆ ಕಟ್ಟಬೇಕೆಂದು ಹೇಳಿದವರು ರಾಜಕೀಯ ಸಲಹೆಗಾರರು, ಒಟ್ಟು ಮೊತ್ತವನ್ನು ಜೋಡಿಸಿದ್ದು ಪಕ್ಷ. ಖಜಾನೆಯ ಅತ್ಯುನ್ನತ ಅಧಿಕಾರಿ ಜೇಮ್ಸ್ ಬೌಲರ್ ಅವರು ಚರ್ಚೆಯ ಹಿಂದಿನ ದಿನವೇ ಬರೆದ ಪತ್ರದಲ್ಲಿ, ಆ ಒಟ್ಟು ಲೆಕ್ಕದಲ್ಲಿ ನಾಗರಿಕ ಸೇವೆಯ ಅಧಿಕಾರಿಗಳ ಪಾತ್ರವಿಲ್ಲ, ಅದನ್ನು ಅವರದೆಂದು ಬಿಂಬಿಸಬಾರದು ಎಂದು ಸ್ಪಷ್ಟಪಡಿಸಿದ್ದರು. ಪತ್ರ ಬಹಿರಂಗವಾದದ್ದು ಚರ್ಚೆಯ ಮರುದಿನ.

ಲೇಬರ್ ಪಕ್ಷದವರು ಸುಮ್ಮನೆ ಕುಳಿತಿರಲಿಲ್ಲ. ಕನ್ಸರ್ವೇಟಿವ್ ಪಕ್ಷ ಗೆದ್ದರೆ ಗೃಹಸಾಲದ ಕಂತಿಗೆ 4,800 ಪೌಂಡ್ ಹೆಚ್ಚು ತೆರಬೇಕಾಗುತ್ತದೆ ಎಂದು ಅವರೂ ಹೇಳಿದರು. ಇದು ಐದು ವರ್ಷಗಳ ಮೊತ್ತ, ಎದುರು ಪಕ್ಷದ ಭರವಸೆಗಳಿಗೆಲ್ಲ ಸಾಲ ತಂದೇ ಹಣ ಹೊಂದಿಸುತ್ತಾರೆ, ಅದರಿಂದ ಬಡ್ಡಿದರ ಏರುತ್ತದೆ ಎಂಬ ಊಹೆಗಳ ಮೇಲೆ ನಿಂತದ್ದು. ಒಂದು ಪಕ್ಷ ಇನ್ನೊಂದರ ಯೋಜನೆಗೆ ಕಟ್ಟಿದ ಬೆಲೆಯನ್ನು ಕಂಡಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಎಷ್ಟು ವರ್ಷಕ್ಕೆ, ಎಷ್ಟು ಕುಟುಂಬಗಳಿಗೆ, ಯಾರ ಊಹೆಯ ಮೇಲೆ.

ಇಲ್ಲೇ ಹೇಳಿಬಿಡಬೇಕಾದ ಒಂದು ಸಂಗತಿಯಿದೆ. ಸರ್ಕಾರದ ಹಣಕಾಸಿನ ಮುನ್ನಂದಾಜು ಮಾಡುವ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಎಂಬ ಸಂಸ್ಥೆ 2010ರಿಂದ ಇದೆಯಾದರೂ, ವಿರೋಧ ಪಕ್ಷಗಳ ಯೋಜನೆಗಳಿಗೆ ಬೆಲೆ ಕಟ್ಟಲು ಅದಕ್ಕೆ ಅಧಿಕಾರವಿಲ್ಲ. ಆದ್ದರಿಂದ ವಿರೋಧ ಪಕ್ಷದ ಪ್ರಣಾಳಿಕೆಯನ್ನು ಆ ಸಂಸ್ಥೆ ಪರಿಶೀಲಿಸಿ ಒಪ್ಪಿದೆ ಅಥವಾ ತಿರಸ್ಕರಿಸಿದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಬಹುದು. ಆ ಕೆಲಸವನ್ನು ಮಾಡುವುದು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್‌ನಂಥ ಸ್ವತಂತ್ರ ಸಂಶೋಧನಾ ಸಂಸ್ಥೆಗಳು. 2024ರಲ್ಲಿ ತೆರಿಗೆ ಮತ್ತು ವೆಚ್ಚದ ಕಷ್ಟದ ಆಯ್ಕೆಗಳ ಬಗ್ಗೆ ಎರಡೂ ದೊಡ್ಡ ಪಕ್ಷಗಳು ಮೌನದ ಒಳಸಂಚು ನಡೆಸುತ್ತಿವೆ ಎಂದು ಆ ಸಂಸ್ಥೆ ಟೀಕಿಸಿತು. ನನ್ನ ಮಟ್ಟಿಗೆ ಆ ವರ್ಷದ ಪ್ರಚಾರದಲ್ಲಿ ಕೇಳಿಬಂದ ಅತ್ಯಂತ ಉಪಯುಕ್ತವಾದ ಟೀಕೆ ಅದು; ಹೇಳಿದ್ದನ್ನು ಪರೀಕ್ಷಿಸುವವರು ಹೇಳದೆ ಬಿಟ್ಟದ್ದನ್ನು ಮರೆತುಬಿಡುವುದುಂಟು.

ಎಲ್ಲಿಂದ ಎಲ್ಲಿಗೆ ಅಳೆದರು?

ಏರಿತು, ಇಳಿಯಿತು ಎಂಬ ಮಾತು ಬಂದಾಗ ಅಳತೆ ಯಾವ ತಿಂಗಳಲ್ಲಿ ಶುರುವಾಯಿತು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. 2023ರ ಜನವರಿಯಲ್ಲಿ ಸುನಕ್ ಅವರು ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳ ಕಾಯುವ ಪಟ್ಟಿಯನ್ನು ಇಳಿಸುತ್ತೇನೆ ಎಂದು ಮಾತು ಕೊಟ್ಟಾಗ ಇಂಗ್ಲೆಂಡಿನ ಪಟ್ಟಿ ಸುಮಾರು 72 ಲಕ್ಷದಷ್ಟಿತ್ತು. ಅದು ಏರುತ್ತಾ ಹೋಗಿ 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿತು. 2024ರ ಜೂನ್ ಚರ್ಚೆಯ ಹೊತ್ತಿಗೆ ಮತ್ತೆ 75 ಲಕ್ಷದ ಆಸುಪಾಸಿಗೆ ಬಂದಿತ್ತು. ಪಟ್ಟಿ ಈಗ ಇಳಿಯುತ್ತಿದೆ ಎಂದು ಅವರು ಹೇಳಿದಾಗ ಸಭಿಕರು ನಕ್ಕರು. ಸೆಪ್ಟೆಂಬರಿನಿಂದ ಅಳೆದರೆ ಅವರ ಮಾತು ನಿಜ. ಅವರೇ ಮಾತು ಕೊಟ್ಟ ದಿನದಿಂದ ಅಳೆದರೆ ಪಟ್ಟಿ ಬೆಳೆದಿತ್ತು. ಮಾತು ಕೊಟ್ಟವರನ್ನು ಮಾತು ಕೊಟ್ಟ ದಿನದಿಂದಲೇ ಅಳೆಯುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ, ಆದರೆ ಬರೆಯುವಾಗ ಎರಡೂ ಅಂಕಿಗಳನ್ನು ಕೊಡಿ.

ಅದೇ ಪಟ್ಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ಎಣಿಸುವುದು ಕಾಯುತ್ತಿರುವ ಚಿಕಿತ್ಸೆಗಳನ್ನು. ಮಂಡಿಗೂ ಕಣ್ಣಿಗೂ ಬೇರೆ ಬೇರೆ ಚಿಕಿತ್ಸೆಗೆ ಕಾಯುತ್ತಿರುವ ಒಬ್ಬರೇ ಅಜ್ಜಿ ಪಟ್ಟಿಯಲ್ಲಿ ಎರಡಾಗಿ ಕಾಣುತ್ತಾರೆ. 2024ರಲ್ಲಿ ಪಟ್ಟಿಯಲ್ಲಿದ್ದ ವ್ಯಕ್ತಿಗಳ ಸಂಖ್ಯೆ 63 ಲಕ್ಷದ ಆಸುಪಾಸಿನಲ್ಲಿತ್ತು. ಎಪ್ಪತ್ತೈದು ಲಕ್ಷ ಜನ ಕಾಯುತ್ತಿದ್ದಾರೆ ಎಂದು ಯಾವ ಪಕ್ಷದ ನಾಯಕರು ಹೇಳಿದರೂ ಆ ವಾಕ್ಯವನ್ನು ತಿದ್ದಬೇಕಾಗುತ್ತದೆ.

ಹಣದುಬ್ಬರದ ವಿಚಾರದಲ್ಲಿ ಗೊಂದಲ ಇನ್ನೂ ಹೆಚ್ಚು. 2022ರ ಅಕ್ಟೋಬರಿನಲ್ಲಿ ಶೇ. 11.1 ಇದ್ದ ದರ 2024ರ ಮೇ ತಿಂಗಳಿಗೆ ಶೇ. 2ಕ್ಕೆ ಇಳಿದದ್ದನ್ನು, ಬೆಲೆಗಳೇ ಇಳಿದವು ಎಂಬಂತೆ ಪ್ರಚಾರ ಮಾಡಿದರೆ ಅದು ತಪ್ಪು. ನೂರು ಪೌಂಡಿನ ದಿನಸಿ ನೂರಹನ್ನೊಂದಕ್ಕೆ ಏರಿ, ಅದರ ಮೇಲೆ ಇನ್ನೂ ಎರಡು ಪೌಂಡ್ ಏರುವುದಕ್ಕೂ ಹಣದುಬ್ಬರ ಇಳಿಯಿತು ಎಂದೇ ಹೆಸರು.

ಯಾವ ನಾಡಿನ ಲೆಕ್ಕ?

ಭಾರತದಲ್ಲಿ ರಾಜ್ಯಗಳ ಪಟ್ಟಿ, ಕೇಂದ್ರದ ಪಟ್ಟಿ ಎಂದು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಆರೋಗ್ಯ ಮತ್ತು ಶಿಕ್ಷಣ ಅಲ್ಲಿನ ಸರ್ಕಾರಗಳ ಕೈಯಲ್ಲಿವೆ. ಲಂಡನ್ನಿನ ಮಂತ್ರಿ ಆಸ್ಪತ್ರೆಗಳ ಬಗ್ಗೆ ಕೊಡುವ ಅಂಕಿ ಬಹುತೇಕ ಇಂಗ್ಲೆಂಡಿಗಷ್ಟೇ ಸೀಮಿತ. ಕೋಷ್ಟಕದ ತಲೆಬರಹದಲ್ಲಿ ಇಂಗ್ಲೆಂಡ್ ಎಂದಿದೆಯೋ, ಇಂಗ್ಲೆಂಡ್ ಮತ್ತು ವೇಲ್ಸ್ ಎಂದಿದೆಯೋ, ಗ್ರೇಟ್ ಬ್ರಿಟನ್ ಎಂದಿದೆಯೋ, ಯುನೈಟೆಡ್ ಕಿಂಗ್‌ಡಮ್ ಎಂದಿದೆಯೋ ನೋಡಿ. ಉತ್ತರ ಐರ್ಲೆಂಡಿನ ಹೇಳಿಕೆಗಳಿಗೆ ಫ್ಯಾಕ್ಟ್‌ಚೆಕ್ ಎನ್‌ಐ, ಸ್ಕಾಟ್ಲೆಂಡಿನವಕ್ಕೆ ದಿ ಫೆರೆಟ್ ಎಂಬ ಪರಿಶೀಲನಾ ಬಳಗಗಳಿವೆ.

ಒಂದೇ ವಿಷಯಕ್ಕೆ ಎರಡು ಅಳತೆ

ಬ್ರಿಟನ್ನಿನ ಅಂಕಿಅಂಶಗಳಲ್ಲಿ ಹಲವು ವಿಷಯಗಳಿಗೆ ಎರಡೆರಡು ಅಧಿಕೃತ ಅಳತೆಗಳಿವೆ, ಪಕ್ಷಗಳು ತಮಗೆ ಒಪ್ಪುವುದನ್ನು ಆರಿಸಿಕೊಳ್ಳುತ್ತವೆ. ಅಪರಾಧಕ್ಕೆ, ಮನೆಮನೆಗೆ ಹೋಗಿ ಜನರನ್ನೇ ಕೇಳುವ ಸಮೀಕ್ಷೆಯೊಂದು, ಪೊಲೀಸರು ದಾಖಲಿಸಿದ ಪ್ರಕರಣಗಳ ಲೆಕ್ಕವೊಂದು. ತೊಂಬತ್ತರ ದಶಕದ ನಡುವಿನಿಂದ ಸಮೀಕ್ಷೆಯ ಅಪರಾಧಗಳು ಬಹಳ ಇಳಿದಿವೆ. ಪೊಲೀಸ್ ದಾಖಲೆ ಏರಿದ್ದಕ್ಕೆ ದಾಖಲಿಸುವ ಪದ್ಧತಿ ಸುಧಾರಿಸಿದ್ದೂ ಒಂದು ಕಾರಣ. ಬಡತನಕ್ಕೆ, ಆ ವರ್ಷದ ಮಧ್ಯಮ ಆದಾಯದ ಶೇ. 60ಕ್ಕಿಂತ ಕಡಿಮೆ ಇರುವವರನ್ನು ಎಣಿಸುವ ಸಾಪೇಕ್ಷ ಅಳತೆಯೊಂದು, ಹಿಂದಿನ ಒಂದು ನಿಗದಿತ ವರ್ಷದ ಗೆರೆಯನ್ನೇ ಹಿಡಿದು ನೋಡುವ ನಿರಪೇಕ್ಷ ಅಳತೆ ಇನ್ನೊಂದು. ಎರಡರಲ್ಲೂ ಮನೆ ಬಾಡಿಗೆಯಂಥ ವಸತಿ ವೆಚ್ಚವನ್ನು ಕಳೆದದ್ದು, ಕಳೆಯದ್ದು ಎಂದು ಮತ್ತೆ ಎರಡು ಬಗೆ. 2022–23ರಲ್ಲಿ 43 ಲಕ್ಷ ಮಕ್ಕಳು ಬಡತನದಲ್ಲಿದ್ದರು ಎಂಬುದು ವಸತಿ ವೆಚ್ಚ ಕಳೆದ ಸಾಪೇಕ್ಷ ಲೆಕ್ಕ. ಕನ್ಸರ್ವೇಟಿವ್ ಮಂತ್ರಿಗಳು ಸಾಮಾನ್ಯವಾಗಿ ನಿರಪೇಕ್ಷ ಅಳತೆಯನ್ನೂ ಲೇಬರ್ ನಾಯಕರು ಸಾಪೇಕ್ಷ ಅಳತೆಯನ್ನೂ ಹಿಡಿದು ಮಾತಾಡುತ್ತಿದ್ದರು, ಇಬ್ಬರ ಅಂಕಿಯೂ ಸರ್ಕಾರಿ ಪುಸ್ತಕದಲ್ಲೇ ಇತ್ತು.

ತೆರಿಗೆ ಇಳಿಸಿದ್ದೇವೆ ಎಂಬ ಮಾತಿಗೂ ಇದೇ ಗತಿ. ನೌಕರರ ನ್ಯಾಷನಲ್ ಇನ್ಶೂರೆನ್ಸ್ ದರ 2024ರ ಜನವರಿಯಲ್ಲಿ ಶೇ. 12ರಿಂದ 10ಕ್ಕೆ, ಏಪ್ರಿಲ್‌ನಲ್ಲಿ 8ಕ್ಕೆ ಇಳಿದದ್ದು ನಿಜ. ಆದರೆ ಆದಾಯ ತೆರಿಗೆ ವಿನಾಯಿತಿಯ ಮಿತಿಯನ್ನು 2021ರಿಂದ 12,570 ಪೌಂಡಿಗೇ ಕಟ್ಟಿಹಾಕಿದ್ದರಿಂದ, ಸಂಬಳ ಏರಿದಂತೆಲ್ಲ ಹೆಚ್ಚು ಜನ ಹೆಚ್ಚು ತೆರಿಗೆಯ ಬಲೆಗೆ ಬೀಳುತ್ತಿದ್ದುದೂ ನಿಜ. ದರ ಒಂದು, ಮಿತಿ ಇನ್ನೊಂದು. ಪರಿಶೀಲಕರು ಎರಡನ್ನೂ ಕೂಡಿಸಿ ಹೇಳಬೇಕು.

ಅಂಕಿ ಹೊಸದೋ, ತಿದ್ದಿದ್ದೋ?

ಅಧಿಕೃತ ಅಂಕಿಯೂ ಬದಲಾಗುತ್ತದೆ. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ದೇಶಕ್ಕೆ ಬಂದವರಿಂದ ಹೋದವರನ್ನು ಕಳೆದ ನಿವ್ವಳ ವಲಸೆಯನ್ನು, ಅಧಿಕೃತ ಅಂಕಿಅಂಶಗಳನ್ನು ಸಿದ್ಧಪಡಿಸುವ ಆಫೀಸ್ ಫಾರ್ ನ್ಯಾಷನಲ್ ಸ್ಟಾಟಿಸ್ಟಿಕ್ಸ್ 2023ರ ನವೆಂಬರಿನಲ್ಲಿ 6.72 ಲಕ್ಷ ಎಂದು ಪ್ರಕಟಿಸಿತು. 2024ರ ಮೇ ತಿಂಗಳಲ್ಲಿ ಅದೇ ಅವಧಿಗೆ 7.40 ಲಕ್ಷ ಎಂದಿತು. ಅದೇ ವರ್ಷದ ನವೆಂಬರಿನಲ್ಲಿ, ಹೆಚ್ಚಿನ ಮಾಹಿತಿ ಸೇರಿದ ಮೇಲೆ, 9.06 ಲಕ್ಷ ಎಂದು ತಿದ್ದಿತು. ಚುನಾವಣೆಯ ಹೊತ್ತಿನಲ್ಲಿ ಆಗ ಲಭ್ಯವಿದ್ದ ಅಂಕಿಯನ್ನು ಹೇಳಿದ ನಾಯಕರನ್ನು, ಅನಂತರ ತಿದ್ದಿದ ಅಂಕಿಯನ್ನು ತೋರಿಸಿ ಸುಳ್ಳುಗಾರರೆನ್ನುವುದು ಸರಿಯಲ್ಲ. ಹಾಗೆಯೇ ತಿದ್ದುಪಡಿ ಬಂದ ಮೇಲೂ ಹಳೆಯದನ್ನೇ ಹಿಡಿದು ಮಾತಾಡುವವರನ್ನು ಬಿಡಲೂ ಬಾರದು. ಕೋಷ್ಟಕದ ಪ್ರಕಟಣೆಯ ದಿನಾಂಕವನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡು, ಪುಟದ ಒಂದು ಪ್ರತಿಯನ್ನು ಉಳಿಸಿಟ್ಟುಕೊಳ್ಳಿ.

ಪದಗಳಲ್ಲೂ ಎಚ್ಚರ ಬೇಕು. 2024ರ ಜನವರಿಯಲ್ಲಿ ಆಶ್ರಯ ಕೋರಿದವರ ಬಾಕಿ ಅರ್ಜಿಗಳನ್ನು ತೀರಿಸಿದ್ದೇವೆ ಎಂದು ಸುನಕ್ ಪ್ರಕಟಿಸಿದಾಗ, ತೀರಿತೆಂದದ್ದು 2022ರ ಜೂನ್ 28ಕ್ಕೆ ಮೊದಲು ಬಂದ ಅರ್ಜಿಗಳ ಬಾಕಿ ಮಾತ್ರ. ಅವುಗಳಲ್ಲೂ ಸುಮಾರು 4,500 ಕ್ಲಿಷ್ಟ ಪ್ರಕರಣಗಳು ಉಳಿದಿದ್ದವು, ಎಲ್ಲ ಸೇರಿ 98 ಸಾವಿರಕ್ಕೂ ಹೆಚ್ಚು ಅರ್ಜಿಗಳು ತೀರ್ಮಾನಕ್ಕೆ ಕಾಯುತ್ತಿದ್ದವು. ಅಧಿಕೃತ ಅಂಕಿಅಂಶಗಳ ಮೇಲ್ವಿಚಾರಣೆ ನಡೆಸುವ ಯುಕೆ ಸ್ಟಾಟಿಸ್ಟಿಕ್ಸ್ ಅಥಾರಿಟಿಯ ಆಗಿನ ಅಧ್ಯಕ್ಷ ಸರ್ ರಾಬರ್ಟ್ ಚೋಟ್ ಅವರು ಈ ಪ್ರಕಟಣೆಯ ಬಗ್ಗೆ ಬರೆದ ಪತ್ರ ಇಂದಿಗೂ ಆ ಸಂಸ್ಥೆಯ ತಾಣದಲ್ಲಿದೆ. 2019ರಲ್ಲಿ ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಪಕ್ಷ 50 ಸಾವಿರ ಹೆಚ್ಚು ದಾದಿಯರು ಎಂದು ಸಾರಿದಾಗಲೂ ಅಷ್ಟೇ: ಅದರಲ್ಲಿ ಸುಮಾರು 18,500 ಮಂದಿ ಆಗಲೇ ಕೆಲಸದಲ್ಲಿದ್ದು, ಬಿಟ್ಟು ಹೋಗದಂತೆ ಉಳಿಸಿಕೊಳ್ಳಬೇಕಾಗಿದ್ದವರು. ಸುಮಾರು 12,500 ಮಂದಿಯನ್ನು ಹೊರದೇಶಗಳಿಂದ ಕರೆತರುವ ಲೆಕ್ಕವಿತ್ತು.

ಮಿಲಿಯನ್, ಬಿಲಿಯನ್‌ಗಳನ್ನು ಲಕ್ಷ, ಕೋಟಿಗೆ ತರುವಾಗ

ಇದು ನಮ್ಮವರಿಗೇ ಮೀಸಲಾದ ತೊಡಕು. ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. 38.5 ಬಿಲಿಯನ್ ಎಂಬುದು ಆತುರದಲ್ಲಿ 385 ಕೋಟಿಯೋ 38,500 ಕೋಟಿಯೋ ಆಗಿಬಿಡುವುದು ಸುಲಭ. ಜೊತೆಗೆ ಪೌಂಡನ್ನು ರೂಪಾಯಿಗೆ ಪರಿವರ್ತಿಸಿದ್ದಾರೆಯೇ ಇಲ್ಲವೇ ಎಂಬುದನ್ನೂ ಹೇಳದೆ ಬಿಟ್ಟ ಸಂದೇಶವಾದರೆ, ಮೂಲ ಇಂಗ್ಲಿಷ್ ಅಂಕಿಯನ್ನು ನೋಡದೆ ಏನನ್ನೂ ನಂಬಬೇಡಿ.

ಕರಪತ್ರದ ಕಂಬಗಳು

ಚುನಾವಣೆ ಹತ್ತಿರ ಬಂದಂತೆ ಬಾಗಿಲಿನ ಅಂಚೆ ಕಿಂಡಿಯಿಂದ ಬೀಳುವ ಕರಪತ್ರಗಳಲ್ಲಿ, ಇಲ್ಲಿ ಗೆಲ್ಲುವ ಶಕ್ತಿ ನಮಗೆ ಮಾತ್ರ ಎಂಬ ಸಾಲಿನ ಕೆಳಗೆ ಕಂಬಗಳ ನಕ್ಷೆ ಇರುತ್ತದೆ. ಲಿಬರಲ್ ಡೆಮಾಕ್ರಾಟ್ ಪಕ್ಷದವರು ಇದರಲ್ಲಿ ಹೆಸರುವಾಸಿ, ಉಳಿದವರೂ ಹಿಂದೆ ಬಿದ್ದಿಲ್ಲ. ಅಳತೆಪಟ್ಟಿ ತೆಗೆದುಕೊಂಡು ಕಂಬಗಳ ಎತ್ತರವನ್ನು ಅಳೆಯಿರಿ: 40 ಮತ್ತು 30 ಎಂದು ಬರೆದಿದ್ದರೆ ಎರಡನೆಯ ಕಂಬ ಮೊದಲನೆಯದರ ಮುಕ್ಕಾಲು ಭಾಗ ಇರಬೇಕು. ಅನಂತರ ಕೆಳಗಿನ ಅತಿ ಸಣ್ಣ ಅಕ್ಷರಗಳನ್ನು ಓದಿ. ಆ ಅಂಕಿಗಳು ಹಿಂದಿನ ಸಂಸತ್ ಚುನಾವಣೆಯದೋ, ಸ್ಥಳೀಯ ಕೌನ್ಸಿಲ್ ಚುನಾವಣೆಯದೋ, ಯಾವುದೋ ಸಮೀಕ್ಷೆಯದೋ ಅಲ್ಲಿ ತಿಳಿಯುತ್ತದೆ. 2019ರಲ್ಲಿ ನಾರ್ತ್ ಈಸ್ಟ್ ಸಾಮರ್‌ಸೆಟ್ ಕ್ಷೇತ್ರದಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷ ಹಂಚಿದ ನಕ್ಷೆಯ ಸಣ್ಣ ಅಕ್ಷರಗಳನ್ನು ಓದಿದವರಿಗೆ, ಸಮೀಕ್ಷೆಯಲ್ಲಿ ಜನರನ್ನು ಕೇಳಿದ್ದೇ ಬೇರೆ ಪ್ರಶ್ನೆ ಎಂಬುದು ಗೊತ್ತಾಯಿತು: ಪೈಪೋಟಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ನಡುವೆ ಮಾತ್ರ ಇದ್ದು, ಬೇರೆ ಯಾವ ಪಕ್ಷಕ್ಕೂ ಗೆಲ್ಲುವ ಸಾಧ್ಯತೆ ಇಲ್ಲವೆಂದು ಕಲ್ಪಿಸಿಕೊಂಡರೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಲಾಗಿತ್ತು.

ಸಮೀಕ್ಷೆಯ ವಿಚಾರ ಬಂದಾಗ, ಸಮೀಕ್ಷಾ ಸಂಸ್ಥೆಗಳ ಒಕ್ಕೂಟವಾದ ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯರು ಕೇಳಿದ ಪ್ರಶ್ನೆ ಮತ್ತು ಕೋಷ್ಟಕಗಳನ್ನು ಪ್ರಕಟಿಸಲೇಬೇಕೆಂಬ ನಿಯಮವನ್ನು ಬಳಸಿಕೊಳ್ಳಿ. ದೇಶದ ಒಟ್ಟು ಮತಪ್ರಮಾಣವನ್ನು ಸೀಟುಗಳ ಲೆಕ್ಕಕ್ಕೆ ನೇರವಾಗಿ ಇಳಿಸಬೇಡಿ. 2024ರಲ್ಲಿ ಶೇ. 33.7 ಮತ ಪಡೆದ ಲೇಬರ್ 650ರಲ್ಲಿ 411 ಸ್ಥಾನ ಗೆದ್ದರೆ, ಶೇ. 14.3 ಪಡೆದ ರಿಫಾರ್ಮ್ ಯುಕೆ 5ನ್ನೂ ಶೇ. 12.2 ಪಡೆದ ಲಿಬರಲ್ ಡೆಮಾಕ್ರಾಟರು 72ನ್ನೂ ಗೆದ್ದರು.

ದನಿ, ದೃಶ್ಯ, ಖಾತೆ

2023ರ ಅಕ್ಟೋಬರಿನಲ್ಲಿ ಲಿವರ್‌ಪೂಲ್‌ನಲ್ಲಿ ಲೇಬರ್ ಸಮ್ಮೇಳನ ಶುರುವಾದ ದಿನವೇ, ಸ್ಟಾರ್ಮರ್ ಅವರು ಸಿಬ್ಬಂದಿಯನ್ನು ಬೈಯುತ್ತಿರುವಂತೆ ಕೇಳಿಸುವ ನಕಲಿ ಧ್ವನಿಮುದ್ರಿಕೆ ಹರಡಿತು. ಮುಂದಿನ ತಿಂಗಳು ಲಂಡನ್ ಮೇಯರ್ ಸಾದಿಕ್ ಖಾನ್ ಅವರ ದನಿಯದೂ ಬಂತು. ಕಿವಿಯಿಂದ ಇದನ್ನು ಪತ್ತೆ ಮಾಡಲು ಹೋಗಬೇಡಿ. ಮೊದಲು ಹಾಕಿದವರು ಯಾರು, ಮಾತು ನಡೆದ ಸ್ಥಳ ಮತ್ತು ದಿನ ಹೇಳಿದ್ದಾರೆಯೇ, ಅಲ್ಲಿದ್ದ ಬೇರೆ ಯಾರಾದರೂ ಅದನ್ನು ವರದಿ ಮಾಡಿದ್ದಾರೆಯೇ ಎಂದು ಹುಡುಕಿ. ಚಿತ್ರವಾದರೆ ಗೂಗಲ್ ಲೆನ್ಸ್ ಅಥವಾ ಟಿನ್‌ಐ ಮೂಲಕ ಹಳೆಯ ಪ್ರತಿಗಳನ್ನು ನೋಡಿ. ತಂತ್ರಜ್ಞಾನವೇ ಬೇಡದ ಮೋಸವೂ ಇದೆ. 2019ರ ನವೆಂಬರಿನಲ್ಲಿ ಕನ್ಸರ್ವೇಟಿವ್ ಪಕ್ಷ ಹಾಕಿದ ವಿಡಿಯೊದಲ್ಲಿ, ಸ್ಟಾರ್ಮರ್ ಅವರು ಪ್ರಶ್ನೆಗೆ ಉತ್ತರವೇ ತೋಚದೆ ಕುಳಿತಂತೆ ಕತ್ತರಿಸಿ ಜೋಡಿಸಲಾಗಿತ್ತು, ಪೂರ್ಣ ಸಂದರ್ಶನದಲ್ಲಿ ಅವರು ಉತ್ತರಿಸಿದ್ದರು. ಅದೇ ತಿಂಗಳ 19ರಂದು, ನಾಯಕರ ಚರ್ಚೆ ನಡೆಯುತ್ತಿರುವಾಗ, ಆ ಪಕ್ಷದ ಪತ್ರಿಕಾ ವಿಭಾಗದ ಟ್ವಿಟರ್ ಖಾತೆ ತನ್ನ ಹೆಸರನ್ನೇ ಫ್ಯಾಕ್ಟ್‌ಚೆಕ್‌ಯುಕೆ ಎಂದು ಬದಲಿಸಿಕೊಂಡು ಎದುರಾಳಿಯ ಮಾತುಗಳಿಗೆ ತೀರ್ಪು ಕೊಡತೊಡಗಿತು. ಟ್ವಿಟರ್ ಎಚ್ಚರಿಕೆ ನೀಡಿತು. ತಾಳೆ ನೋಡುವವರೆಂದು ಹೇಳಿಕೊಳ್ಳುವವರನ್ನೂ ತಾಳೆ ನೋಡಬೇಕಾದ ಕಾಲ. ಫುಲ್ ಫ್ಯಾಕ್ಟ್, 2023ರಲ್ಲಿ ಶುರುವಾದ ಬಿಬಿಸಿ ವೆರಿಫೈ, 2005ರಿಂದ ಇರುವ ಚಾನೆಲ್ 4 ಫ್ಯಾಕ್ಟ್‌ಚೆಕ್ ಎಂಬ ಪರಿಶೀಲನಾ ಬಳಗಗಳ ಬರಹದಲ್ಲೂ ಮೂಲ ಕೋಷ್ಟಕದ ಕೊಂಡಿ ಇದೆಯೇ ಎಂದು ನೋಡಿ, ಇದ್ದರೆ ಅದನ್ನು ಒತ್ತಿ. ಹೌಸ್ ಆಫ್ ಕಾಮನ್ಸ್ ಗ್ರಂಥಾಲಯ ಸಂಸದರಿಗಾಗಿ ಸಿದ್ಧಪಡಿಸುವ ಟಿಪ್ಪಣಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ಪಕ್ಷಪಾತವಿಲ್ಲದ ಹಿನ್ನೆಲೆ ಬೇಕಾದವರು ಅಲ್ಲಿಂದಲೇ ಆರಂಭಿಸುವುದು ಮೇಲು.

ಕಾನೂನು ಎಷ್ಟು ಕಾಯುತ್ತದೆ?

ಕಡಿಮೆ. ಟಿ.ವಿ. ಮತ್ತು ರೇಡಿಯೊದಲ್ಲಿ ಹಣ ಕೊಟ್ಟ ರಾಜಕೀಯ ಜಾಹೀರಾತಿಗೆ ನಿಷೇಧವಿದೆ, ವಾಹಿನಿಗಳು ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ನಿಷ್ಪಕ್ಷಪಾತ ನಿಯಮಕ್ಕೆ ಒಳಪಟ್ಟಿವೆ. ಆದರೆ ಸೋಪು, ಶಾಂಪೂ ಜಾಹೀರಾತಿನ ಸತ್ಯಾಸತ್ಯವನ್ನು ನೋಡುವ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿಗೆ, ಮತದಾರರ ಮನವೊಲಿಸುವ ಜಾಹೀರಾತಿನ ಮೇಲೆ ಅಧಿಕಾರವಿಲ್ಲ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹೇಳುವುದು 1983ರ ಜನಪ್ರಾತಿನಿಧ್ಯ ಕಾಯ್ದೆಯಂತೆ ಅಪರಾಧ, 2010ರಲ್ಲಿ ಲೇಬರ್‌ನ ಫಿಲ್ ವೂಲಸ್ ಅವರ ಆಯ್ಕೆ ಇದೇ ಕಾರಣಕ್ಕೆ ರದ್ದಾಯಿತು. ನೀತಿ, ಅಂಕಿಗಳ ಬಗೆಗಿನ ಸುಳ್ಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆನ್‌ಲೈನ್ ಪ್ರಚಾರ ಸಾಮಗ್ರಿಯ ಮೇಲೆ ಅದನ್ನು ಹೊರಡಿಸಿದವರ ಹೆಸರು, ವಿಳಾಸ ಇರಬೇಕೆಂಬ ನಿಯಮ 2023ರ ನವೆಂಬರಿನಿಂದ ಜಾರಿಯಲ್ಲಿದೆ. ಹೆಸರಿಲ್ಲದ ಪೋಸ್ಟರ್ ಕಂಡರೆ ಅಷ್ಟರಮಟ್ಟಿಗೆ ಅನುಮಾನಿಸಿ.

ಕಂಡುಕೊಂಡದ್ದನ್ನು ಹೇಳುವುದು

ತೀರ್ಪನ್ನು ಒಂದೇ ಪದದಲ್ಲಿ ಮುಗಿಸಬೇಡಿ. ಎಷ್ಟು ನಿಜ, ಏನು ಬಿಟ್ಟುಹೋಗಿದೆ, ಮೂಲ ಎಲ್ಲಿದೆ ಎಂಬ ಮೂರನ್ನೂ ಎರಡು ಮೂರು ಸಾಲಿನಲ್ಲಿ ಬರೆಯಿರಿ. ಕುಟುಂಬದ ಗುಂಪಿನಲ್ಲಿ ಹಿರಿಯರು ಕಳಿಸಿದ ಸಂದೇಶವಾದರೆ ಎಲ್ಲರೆದುರು ತಿದ್ದುವುದಕ್ಕಿಂತ ಅವರಿಗೇ ಪ್ರತ್ಯೇಕವಾಗಿ ಬರೆಯುವುದು ವಾಸಿ. ಉದಾಹರಣೆಗೆ: “ಚಿಕ್ಕಪ್ಪ, ನೀವು ಕಳಿಸಿದ 2,000 ಪೌಂಡ್ ಲೆಕ್ಕ ನಾಲ್ಕು ವರ್ಷದ್ದು, ವರ್ಷಕ್ಕೆ ಹೆಚ್ಚುಕಡಿಮೆ 500 ಆಗುತ್ತೆ. ಅದೂ ಒಂದು ಪಕ್ಷದವರು ಎದುರು ಪಕ್ಷದ ಬಗ್ಗೆ ಹಾಕಿದ ಅಂದಾಜು. ಖಜಾನೆ ಅಧಿಕಾರಿಯ ಪತ್ರದ ಲಿಂಕ್ ಕಳಿಸಿದ್ದೀನಿ, ಬಿಡುವಾದಾಗ ನೋಡಿ.” ಇಷ್ಟರಲ್ಲಿ ಯಾವ ಪಕ್ಷದ ಪರವೂ ಮಾತಿಲ್ಲ, ಅವರು ಮುಂದೆ ಕಳಿಸಬೇಕೆಂದರೆ ಕಳಿಸಲು ಬೇಕಾದದ್ದೆಲ್ಲ ಇದೆ.

ಅಧಿಕೃತ ಅಂಕಿಗಳನ್ನು ಮಂತ್ರಿಯೊಬ್ಬರು ತಿರುಚಿದ್ದಾರೆ ಎಂದು ನಿಮಗೆ ಖಚಿತವಾದರೆ, ಆಫೀಸ್ ಫಾರ್ ಸ್ಟಾಟಿಸ್ಟಿಕ್ಸ್ ರೆಗ್ಯುಲೇಶನ್‌ಗೆ ಯಾರು ಬೇಕಾದರೂ ಇಮೇಲ್ ಬರೆಯಬಹುದು. 2017ರ ಸೆಪ್ಟೆಂಬರಿನಲ್ಲಿ ಸ್ಟಾಟಿಸ್ಟಿಕ್ಸ್ ಅಥಾರಿಟಿಯ ಆಗಿನ ಅಧ್ಯಕ್ಷ ಸರ್ ಡೇವಿಡ್ ನಾರ್‌ಗ್ರೋವ್ ಅವರು, ವಾರಕ್ಕೆ 35 ಕೋಟಿ ಪೌಂಡ್ ಐರೋಪ್ಯ ಒಕ್ಕೂಟಕ್ಕೆ ಹೋಗುತ್ತಿದೆ ಎಂಬ ಬ್ರೆಕ್ಸಿಟ್ ಕಾಲದ ಹಳೆಯ ಮಾತನ್ನು ಮತ್ತೆ ಎತ್ತಿದ ಬೋರಿಸ್ ಜಾನ್ಸನ್ ಅವರಿಗೆ, ಇದು ಅಧಿಕೃತ ಅಂಕಿಗಳ ಸ್ಪಷ್ಟ ದುರ್ಬಳಕೆ ಎಂದು ಬಹಿರಂಗವಾಗಿ ಬರೆದಿದ್ದರು. ನಿಮ್ಮ ದೂರಿನಲ್ಲಿ ಹೇಳಿಕೆಯ ಪೂರ್ಣ ಪಾಠ, ದಿನಾಂಕ, ದೃಶ್ಯ ಅಥವಾ ನಡಾವಳಿಯ ಕೊಂಡಿ, ನೀವು ಹೋಲಿಸಿದ ಕೋಷ್ಟಕದ ಹೆಸರು ಮತ್ತು ಅದು ಪ್ರಕಟವಾದ ದಿನ ಇರಲಿ. ಸಂಸ್ಥೆ ವಿಚಾರಣೆ ಕೈಗೊಂಡರೆ ಅದರ ಉತ್ತರ ತಾಣದಲ್ಲಿ ಪ್ರಕಟವಾಗುತ್ತದೆ, ಮುಂದಿನ ಸಲ ಅದೇ ಹೇಳಿಕೆ ಬಂದಾಗ ಆ ಕೊಂಡಿಯನ್ನೇ ಕಳಿಸಬಹುದು.